ಪ್ರಭಾರಿ ಪ್ರೆಸಿಡೆಂಟ್ ಎಷ್ಟು ಕಾಲ?

ಕ್ಯಾಲಿಫೋರ್ನಿಯಾದ ಬೇ ಏರಿಯಾದಿಂದ ಒಬ್ಬ ಓದುಗರು ಉದ್ದದ ಪತ್ರ ಬರೆದಿದ್ದಾರೆ. ಸಾರ ಇಷ್ಟು. ಅವರ ಮಗಳು ಓದುವ ಕಮ್ಯುನಿಟಿ ಕಾಲೇಜಿನಲ್ಲಿ ಪ್ರೆಸಿಡೆಂಟ್ (ಕಾಲೇಜಿನ ಮುಖ್ಯಸ್ಥರು) ಹುದ್ದೆ ಖಾಲಿಯಾಗಿ ಬಹಳ ಕಾಲ ಆಗಿದೆ. ಒಬ್ಬ ಪ್ರಭಾರಿ ಹೋಗಿ ಇನ್ನೊಬ್ಬ ಪ್ರಭಾರಿ ಬಂದಿದ್ದಾರೆ. ಮೈಸೂರಿನಲ್ಲಿ ಎಂ.ಎ. ಮಾಡಿ ಈಗ ಅಮೆರಿಕದಲ್ಲಿ ಪಾಠ ಮಾಡುತ್ತಿರುವ ಗೆಳೆಯರೊಬ್ಬರು ಡೀನ್ ಹುದ್ದೆಗೆ ಅರ್ಜಿ ಹಾಕಿದರೆ ಸಂದರ್ಶನಕ್ಕೂ ಕರೆಯಲಿಲ್ಲ. "ಆಯ್ಕೆ ಸಮಿತಿ ಅನ್ನೋದೆಲ್ಲ ನಾಟಕ, ಕಾಲೇಜಿನ ಟ್ರಸ್ಟಿಗಳು ಮೊದಲೇ ತೀರ್ಮಾನ ಮಾಡಿರ್ತಾರೆ. ನಮ್ಮ ಕೆಪಿಎಸ್‌ಸಿ ತರಹ ಪರೀಕ್ಷೆ ಇಟ್ಟು ರ‍್ಯಾಂಕ್ ಪಟ್ಟಿ ಹಾಕಿದರೆ ಆಗಲ್ವಾ?" ಅಂತ ಕೇಳಿದ್ದಾರೆ.

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಅದು ಸಮಿತಿಯ ಮೇಲೆ ತಿರುಗಿದೆ, ಪ್ರಭಾರಿ ಪದ್ಧತಿಯ ಮೇಲೆ ತಿರುಗಬೇಕಿತ್ತು.

ಪರೀಕ್ಷೆಯ ಮಾತು ಮೊದಲು ಮುಗಿಸೋಣ. ಕರ್ನಾಟಕದಲ್ಲೂ ಕುಲಪತಿಗಳನ್ನು ಪರೀಕ್ಷೆ ಇಟ್ಟು ಆರಿಸುವುದಿಲ್ಲ, ಶೋಧನಾ ಸಮಿತಿ ಹೆಸರುಗಳನ್ನು ಕೊಡುತ್ತದೆ. ಬಜೆಟ್ ಕಡಿತ ಆದಾಗ ಯಾವ ಕೋರ್ಸ್ ಉಳಿಸಬೇಕು, ಸಿಟ್ಟಾದ ಅಧ್ಯಾಪಕರ ಮುಂದೆ ಹೇಗೆ ಕೂತು ಮಾತಾಡಬೇಕು, ಇದನ್ನೆಲ್ಲ ಯಾವ ಪ್ರಶ್ನೆಪತ್ರಿಕೆಯೂ ಅಳೆಯಲ್ಲ.

ಈಗ ಕ್ಯಾಲಿಫೋರ್ನಿಯಾದ ವಿಷಯಕ್ಕೆ ಬರೋಣ. ಅಲ್ಲಿ 116 ಕಮ್ಯುನಿಟಿ ಕಾಲೇಜುಗಳಿವೆ, 73 ಸ್ಥಳೀಯ ಆಡಳಿತ ಘಟಕಗಳ, ಅಂದರೆ ಡಿಸ್ಟ್ರಿಕ್ಟ್‌ಗಳ ಕೆಳಗೆ. ರಾಜಧಾನಿ ಸ್ಯಾಕ್ರಮೆಂಟೊದಲ್ಲಿರುವ, ಇಡೀ ವ್ಯವಸ್ಥೆಯ ಮುಖ್ಯಸ್ಥರಾದ ಚಾನ್ಸೆಲರ್ ಅವರ ಕಚೇರಿ ಎಲ್ಲರಿಗೂ ಅನ್ವಯಿಸುವ ನಿಯಮ ನೋಡಿಕೊಳ್ಳುತ್ತದೆ. ನಿಮ್ಮ ಕಾಲೇಜಿನ ಪ್ರೆಸಿಡೆಂಟ್ ಯಾರು ಅಂತ ಕೊನೆಗೆ ತೀರ್ಮಾನಿಸುವವರು ಮಾತ್ರ ನಿಮ್ಮೂರಿನ ಜನರೇ ಓಟು ಹಾಕಿ ಕಳಿಸಿದ ಟ್ರಸ್ಟಿಗಳು. ಇದನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ನಿಮ್ಮ ಗೆಳೆಯರ ಬಗ್ಗೆ. ಶೈಕ್ಷಣಿಕ ಆಡಳಿತದ ಹುದ್ದೆಗೆ ರಾಜ್ಯ ಕೇಳುವ ಕನಿಷ್ಠ ಅರ್ಹತೆ ಎರಡೇ: ಒಂದು ಸ್ನಾತಕೋತ್ತರ ಪದವಿ, ಜೊತೆಗೆ ಆ ಹುದ್ದೆಗೆ ಹೊಂದುವಂಥ ಒಂದು ವರ್ಷದ ತರಬೇತಿ, ಇಂಟರ್ನ್‌ಶಿಪ್ ಅಥವಾ ಮುಂದಾಳತ್ವದ ಅನುಭವ. ಅಷ್ಟೇ. ಯುಜಿಸಿಯ 2018ರ ನಿಯಮದಲ್ಲಿ ಕಾಲೇಜು ಪ್ರಾಂಶುಪಾಲರಿಗೆ ಪಿಎಚ್.ಡಿ. ಮತ್ತು 15 ವರ್ಷದ ಅನುಭವ ಬೇಕಲ್ಲ, ಅದಕ್ಕೆ ಹೋಲಿಸಿದರೆ ಈ ಬಾಗಿಲು ತುಂಬಾ ಅಗಲ. ಮೈಸೂರಿನ ಪದವಿಯೂ ನಡೆಯುತ್ತದೆ, ಆದರೆ ಅದು ಅಮೆರಿಕದ ಪದವಿಗೆ ಸಮ ಅಂತ ತೋರಿಸುವ ಮೌಲ್ಯಮಾಪನ ವರದಿ ಸಾಮಾನ್ಯವಾಗಿ ಕೇಳುತ್ತಾರೆ. ಅರ್ಜಿಯ ಜೊತೆ ಅದು ಹೋಗಿತ್ತಾ, ಕೇಳಿ ನೋಡಿ.

ಬಾಗಿಲು ಅಗಲ ಇದೆ ಅಂದರೆ ಒಳಗೆ ಕುರ್ಚಿ ಸಿಕ್ಕಿತು ಅಂತಲ್ಲ. ಮುಂದಿನದು ಸಮಿತಿಯ ಕೆಲಸ. ಅಧ್ಯಾಪಕರು, ಕಚೇರಿ ಸಿಬ್ಬಂದಿ, ಆಡಳಿತದವರು, ಎಷ್ಟೋ ಕಡೆ ವಿದ್ಯಾರ್ಥಿಗಳೂ ಅದರಲ್ಲಿರುತ್ತಾರೆ. ಬೇರೆ ಬೇರೆ ಹಿನ್ನೆಲೆಯ ವಿದ್ಯಾರ್ಥಿಗಳನ್ನು ಅರ್ಥ ಮಾಡಿಕೊಳ್ಳುವ ಗುಣವೂ ಆಯ್ಕೆಯ ಮಾನದಂಡದಲ್ಲಿ ಇರಲೇಬೇಕು ಅಂತ ರಾಜ್ಯದ ಶಿಕ್ಷಣ ಕಾಯ್ದೆಯೇ ಹೇಳುತ್ತದೆ. ಬಡತನ, ಅಂಗವೈಕಲ್ಯ, ಜನಾಂಗ, ಸಂಸ್ಕೃತಿ ಎಲ್ಲವೂ ಅದರಲ್ಲಿ ಬರುತ್ತದೆ. ಆ ಪ್ರಶ್ನೆಗೆ ಎರಡು ಸಾಲು ಬರೆದು ಪ್ರಕಟಣೆಗಳ ಪಟ್ಟಿಯನ್ನು ನಾಲ್ಕು ಪುಟ ಮಾಡಿದರೆ ಪ್ರಯೋಜನ ಇಲ್ಲ. ನಮ್ಮವರಿಗೆ ಆಗಲ್ಲ ಅನ್ನುವ ನಿರಾಶೆಯೂ ಬೇಡ. 2023ರಲ್ಲಿ ಇಡೀ ವ್ಯವಸ್ಥೆಯ ಚಾನ್ಸೆಲರ್ ಆದ ಸೋನ್ಯಾ ಕ್ರಿಶ್ಚಿಯನ್ ಕೇರಳದವರು. ಬೇಕರ್ಸ್‌ಫೀಲ್ಡ್ ಕಾಲೇಜಿನಲ್ಲಿ ಗಣಿತ ಪಾಠ ಮಾಡಲು ಶುರುಮಾಡಿ, ಮುಂದೆ ಅದೇ ಕಾಲೇಜಿನ ಪ್ರೆಸಿಡೆಂಟ್ ಆಗಿ, ಆಮೇಲೆ ಆ ಡಿಸ್ಟ್ರಿಕ್ಟ್‌ನ ಮುಖ್ಯಸ್ಥೆಯಾಗಿ ಅಲ್ಲಿಗೆ ಹೋದವರು.

ಇನ್ನು ಪ್ರಭಾರಿಗಳ ವಿಷಯ. ನನಗೆ ಹೆಚ್ಚು ಬೇಸರ ತರುವುದು ಇದೇ.

ಅಧ್ಯಾಪಕರ ಪೂರ್ಣಾವಧಿ ಹುದ್ದೆಯಿರಲಿ, ಆಡಳಿತದ ಹುದ್ದೆಯಿರಲಿ, ಒಳಗಿನವರಿಗೆ ಮಾತ್ರ ಅಂತ ತುಂಬುವಂತಿಲ್ಲ, ಎಲ್ಲರಿಗೂ ತೆರೆದ ನೇಮಕಾತಿ ಆಗಬೇಕು. ರಾಜ್ಯದ ನಿಯಮ ಹಾಗಿದೆ. ಇದಕ್ಕೆ ಒಂದು ವಿನಾಯಿತಿ ಪ್ರಭಾರಿ ನೇಮಕ. ಆದರೆ ಆ ವಿನಾಯಿತಿಗೂ ಬೇಲಿ ಹಾಕಿದ್ದಾರೆ: ತೆರೆದ ನೇಮಕಾತಿ ಮುಗಿಸಲು ಬೇಕಾದ ಕನಿಷ್ಠ ಕಾಲ ಮಾತ್ರ, ಅದಕ್ಕೂ ಒಂದು ಗಡುವು, ಒಬ್ಬರಾದ ಮೇಲೆ ಒಬ್ಬರನ್ನು ಕೂರಿಸಿದರೂ ಎಲ್ಲರ ಅವಧಿ ಸೇರಿಸಿಯೇ ಲೆಕ್ಕ. ಅಂದರೆ ಹೆಸರು ಬದಲಾಯಿಸಿದ ಮಾತ್ರಕ್ಕೆ ಗಡಿಯಾರ ಮತ್ತೆ ಸೊನ್ನೆಯಿಂದ ಶುರುವಾಗಲ್ಲ. ನಿಮ್ಮ ಕಾಲೇಜಿನಲ್ಲಿ ಇಬ್ಬರು ಪ್ರಭಾರಿಗಳಾದರು ಅಂದಿರಲ್ಲ, ಈ ಲೆಕ್ಕ ಅಲ್ಲಿ ಎಲ್ಲಿಗೆ ಬಂದಿದೆ ಅಂತ ಕೇಳುವ ಹಕ್ಕು ನಿಮಗಿದೆ.

ಇದು ಸುಮ್ನೆ ಕಾಗದದ ವಿಷಯ ಅಲ್ಲ. ನಾಳೆ ಇರ್ತೀನೋ ಇಲ್ವೋ ಅಂತ ಕೂತವರು ಹೊಸ ಕೋರ್ಸಿಗೆ ದುಡ್ಡು ಹಾಕಲು ಹಿಂಜರಿಯುತ್ತಾರೆ, ಕೆಲಸ ಮಾಡದ ವಿಭಾಗವನ್ನು ಸರಿಪಡಿಸಲೂ ಹಿಂಜರಿಯುತ್ತಾರೆ, ಅವರ ಕೆಳಗಿನ ಡೀನ್‌ಗಳೂ ಪ್ರಭಾರಿಗಳಾಗಿ ಬಿಡುತ್ತಾರೆ. ನಿಮ್ಮ ಮಗಳಂತೆ ಎರಡು ವರ್ಷ ಇಲ್ಲಿ ಓದಿ ಯುಸಿಗೆ (ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ) ಹೋಗಬೇಕೆನ್ನುವವರಿಗೆ ಬೇಕಾದ ತರಗತಿ ಬೇಕಾದ ಸೆಮಿಸ್ಟರ್‌ನಲ್ಲಿ ಸಿಗದಿದ್ದರೆ ಒಂದು ವರ್ಷವೇ ಹೋಯಿತು. ಇನ್ನೊಂದು ಅನ್ಯಾಯವೂ ಇದೆ. ಪ್ರಭಾರಿಯಾಗಿ ಕೂತವರೇ ಆಮೇಲೆ ಕಾಯಂ ಹುದ್ದೆಗೆ ಅರ್ಜಿ ಹಾಕಿದರೆ, ಹೊರಗಿನಿಂದ ಬರುವವರಿಗೆ ಓಟ ಶುರುವಾಗುವ ಮೊದಲೇ ಹಿಂದೆ ಬಿದ್ದ ಹಾಗೆ.

ಟ್ರಸ್ಟಿಗಳು ಮೊದಲೇ ತೀರ್ಮಾನ ಮಾಡಿರುತ್ತಾರೆ ಅಂದಿರಿ. ಕೆಲವು ಕಡೆ ಹಾಗೆ ಆಗಬಹುದು, ಇಲ್ಲ ಅನ್ನಲ್ಲ. ಅದಕ್ಕೇ ಸ್ಥಳೀಯ ಮಂಡಳಿಗಳ ಸಭೆ ಜನರಿಗೆ ತೆರೆದಿರಬೇಕು ಅನ್ನುವ 1953ರ ಬ್ರೌನ್ ಕಾಯ್ದೆ ಇದೆ. ಅಭ್ಯರ್ಥಿಗಳ ಚರ್ಚೆ ಮುಚ್ಚಿದ ಬಾಗಿಲ ಹಿಂದೆ ನಡೆಯಬಹುದು, ಅದು ಸರಿಯೂ ಹೌದು, ಇಲ್ಲದಿದ್ದರೆ ಬೇರೆ ಕಡೆ ಕೆಲಸದಲ್ಲಿರುವ ಒಳ್ಳೆಯವರು ಅರ್ಜಿಯನ್ನೇ ಹಾಕಲ್ಲ. ಆದರೆ ಒಪ್ಪಂದಕ್ಕೆ ಒಪ್ಪಿಗೆ ಕೊಡುವುದು ತೆರೆದ ಸಭೆಯಲ್ಲೇ ಆಗಬೇಕು. ಪ್ರೆಸಿಡೆಂಟ್‌ನಂಥ ಮೇಲಿನ ಹುದ್ದೆಗೆ ಸಂಬಳ ಮತ್ತು ಸವಲತ್ತು ಎಷ್ಟು ಅಂತ ಮತ ಹಾಕುವ ಮುಂಚೆ ಬಾಯಿಬಿಟ್ಟು ಹೇಳಬೇಕು. ವಿಶೇಷ ಸಭೆ ಕರೆದು ಆ ಸಂಬಳ ನಿಗದಿ ಮಾಡುವಂತಿಲ್ಲ. ಈ ಕೊನೆಯ ನಿಯಮ ಬಂದದ್ದು 2010ರ ಬೆಲ್ ಹಗರಣದ ನಂತರ. ಲಾಸ್ ಏಂಜಲೀಸ್ ಪಕ್ಕದ ಆ ಪುಟ್ಟ ಊರಿನ ಆಡಳಿತಾಧಿಕಾರಿ ವರ್ಷಕ್ಕೆ ಸುಮಾರು 8 ಲಕ್ಷ ಡಾಲರ್ ಸಂಬಳ ತೆಗೆದುಕೊಳ್ಳುತ್ತಿದ್ದರು, ಊರಿನ ಜನಕ್ಕೆ ಗೊತ್ತೇ ಇರಲಿಲ್ಲ. ಕಾಲೇಜು ಆಡಳಿತಗಾರರ ಒಪ್ಪಂದ 4 ವರ್ಷ ದಾಟುವಂತಿಲ್ಲ, ಮಧ್ಯದಲ್ಲಿ ಕಳಿಸಿದರೆ 18 ತಿಂಗಳ ಸಂಬಳಕ್ಕಿಂತ ಜಾಸ್ತಿ ಕೊಡುವಂತಿಲ್ಲ.

ಒಂದು ಕೊರತೆ ನಿಜಕ್ಕೂ ಇದೆ. ಕೊನೆಯ ಸುತ್ತಿನ ಅಭ್ಯರ್ಥಿಗಳನ್ನು ಜನರ ಮುಂದೆ ಕೂರಿಸಿ ಪ್ರಶ್ನೆ ಕೇಳಿಸುವುದು ಅನೇಕ ಡಿಸ್ಟ್ರಿಕ್ಟ್‌ಗಳು ರೂಢಿಸಿಕೊಂಡ ಪದ್ಧತಿ ಅಷ್ಟೇ, ಕಡ್ಡಾಯವಲ್ಲ. ಕನಿಷ್ಠ ಪ್ರೆಸಿಡೆಂಟ್ ಹುದ್ದೆಗಾದರೂ ಇದನ್ನು ಎಲ್ಲ ಕಡೆ ಕಡ್ಡಾಯ ಮಾಡಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಈಗ ನೀವು ಮಾಡಬಹುದಾದದ್ದು. ಟ್ರಸ್ಟಿಗಳ ಮಾಮೂಲಿ ಸಭೆಯ ಅಜೆಂಡಾ 72 ಗಂಟೆ ಮುಂಚೆ ಹೊರಗೆ ಬರುತ್ತದೆ. ಸಾರ್ವಜನಿಕರು ಮಾತಾಡುವ ಸಮಯದಲ್ಲಿ ಎದ್ದು ನಿಂತು ಮೂರು ಪ್ರಶ್ನೆ ಕೇಳಿ: ಮೊದಲ ಪ್ರಭಾರಿ ಕೂತ ದಿನ ಯಾವುದು, ಗಡುವು ಮುಗಿಯುವುದು ಯಾವಾಗ, ಕಾಯಂ ಹುದ್ದೆಯ ಜಾಹೀರಾತು ಯಾವ ತಾರೀಖಿಗೆ. ಅಲ್ಲಿ ಮಾತಾಡಲು ಅಮೆರಿಕದ ಪೌರತ್ವ ಬೇಕಿಲ್ಲ, ಎಚ್-1ಬಿ ವೀಸಾದಲ್ಲಿ ಇರುವವರೂ ಕೇಳಬಹುದು. ಪೌರತ್ವ ಇರುವ ನಿಮ್ಮ ಗೆಳೆಯರಿಗೆ ಮುಂದಿನ ಚುನಾವಣೆಯ ಮತಪತ್ರದಲ್ಲಿ ಟ್ರಸ್ಟಿಗಳ ಸಾಲನ್ನು ಖಾಲಿ ಬಿಡಬೇಡಿ ಅಂತಲೂ ಹೇಳಿ. ಪ್ರಭಾರಿಯ ಒಪ್ಪಂದದ ಪ್ರತಿಯನ್ನೂ ಕೇಳಿ ಪಡೆಯಿರಿ, ಅದು ಸಾರ್ವಜನಿಕ ದಾಖಲೆ. ಟ್ರಸ್ಟಿಗಳು ಏನು ಉತ್ತರ ಕೊಟ್ಟರು ಅಂತ ಬರೆದು ಕಳಿಸಿ, ಇದೇ ಪುಟದಲ್ಲಿ ಹಾಕುತ್ತೇನೆ.