ಫಳಫಳ ಹೊಳೆದರೆ ಸ್ವಲ್ಪ ಅನುಮಾನ ಇರಲಿ

ಉಡುಪಿ ರಥಬೀದಿಯಲ್ಲಿ ಕೊಂಡ 1862ರ ರಾಣಿ ರೂಪಾಯಿ (ವಿಕ್ಟೋರಿಯಾ ರಾಣಿಯ ಮುಖವಿರುವ ಬೆಳ್ಳಿ ನಾಣ್ಯ), 1835ರ ಕಾಲಾಣೆ ಎರಡೂ ಹೊಸದರಂತೆ ಹೊಳೆಯುತ್ತಿವೆ, ತೊಳೆದದ್ದಾ ಅಂತ ಕೇಳಿದ್ದೀರಿ.

ಕಾಲಾಣೆಯನ್ನು ಖಂಡಿತ ತೊಳೆದಿದ್ದಾರೆ. ಹಳೇ ತಾಮ್ರ ಕಂದು ಬಣ್ಣಕ್ಕೆ ತಿರುಗಿರುತ್ತದೆ, ನಮ್ಮ ಕರಾವಳಿಯ ಉಪ್ಪುಗಾಳಿಯಲ್ಲಂತೂ ಬೇಗ. ನಿಮ್ಮ ಫೋಟೋದಲ್ಲಿ ಅದು ಹುಣಸೆಹುಳಿ ಹಾಕಿ ತಿಕ್ಕಿದ ಚೊಂಬಿನ ಹಾಗೆ ಗುಲಾಬಿಗೆಂಪು. ಅಕ್ಷರಗಳ ಸಂದಿಯಲ್ಲಿ ಮಾತ್ರ ಕಪ್ಪು ಉಳಿದಿದೆ. ತಿಕ್ಕಿದವರ ಕೈ ಅಲ್ಲಿಗೆ ಹೋಗಿಲ್ಲ, ಅಷ್ಟೇ!

ಬೆಳ್ಳಿಯದ್ದು ಸುಲಭಕ್ಕೆ ಗೊತ್ತಾಗುವುದಿಲ್ಲ. ಒಂದೇ ಬಲ್ಬಿನ ಕೆಳಗೆ ಹಿಡಿದು ನಿಧಾನಕ್ಕೆ ಓರೆ ಮಾಡಿ. ಟಂಕಸಾಲೆಯ ಮೂಲ ಹೊಳಪಾದರೆ ಬೆಳಕಿನ ಪಟ್ಟಿ ನಾಣ್ಯದ ಮೇಲೆ ಸುತ್ತುತ್ತದೆ. ಕೆಮಿಕಲ್‌ನಲ್ಲಿ ಜಾಸ್ತಿ ಹೊತ್ತು ಅದ್ದಿದ್ದರೆ ಬರೀ ಸಪ್ಪೆ ಬಿಳುಪು, ಏನೂ ಅಲುಗುವುದಿಲ್ಲ. ಆಮೇಲೆ ಹತ್ತು ಪಟ್ಟಿನ ಲೆನ್ಸ್ ತಗೊಂಡು ರಾಣಿಯ ಮುಖದ ಮುಂದಿನ ಖಾಲಿ ಜಾಗ ನೋಡಿ. ಕೈಯಿಂದ ಕೈಗೆ ಓಡಾಡಿದ ನಾಣ್ಯದ ಗೀರು ಅಡ್ಡಾದಿಡ್ಡಿ ಇರುತ್ತದೆ. ಬ್ರಷ್ಷಿನದ್ದಾದರೆ ಕೂದಲೆಳೆಯಂಥ ಗೀರುಗಳು ಒಂದೇ ದಿಕ್ಕಿಗೆ, ಸಾಲಾಗಿ.

ರೂಪಾಯಿಯ ತೂಕವನ್ನೂ ನೋಡಿ. ಟಂಕಸಾಲೆಯ ಲೆಕ್ಕ 11.66 ಗ್ರಾಂ. ಸವೆದ ನಾಣ್ಯ ಸ್ವಲ್ಪ ಕಡಿಮೆ ತೂಗುವುದು ಸಹಜ. ಆದರೆ ಚಿತ್ರ ಚೂಪಾಗಿದ್ದೂ ತೂಕ ತುಂಬಾ ಕಡಿಮೆ ಬಂದರೆ ತೊಳೆದದ್ದಕ್ಕಿಂತ ನಕಲಿ ಅನ್ನುವ ಅನುಮಾನವೇ ನನಗೆ ಜಾಸ್ತಿ. ಮೈಮೇಲೆ ಸೂಜಿಮೊನೆಯಷ್ಟು ಗುಳಿಗಳಿದ್ದರೆ ಆಸಿಡ್ ಇರಬಹುದು. ಎರಕದ ನಕಲಿಯಲ್ಲೂ ಹಾಗೇ ಇರುತ್ತದೆ.

ಈಗ ನೀವು ಸುಮ್ನೆ ಮತ್ತೆ ತೊಳೆಯಲು ಹೋಗಬೇಡಿ. ಕಾಲಾಣೆಯನ್ನು ಹಾಗೇ ಬಿಡಿ, ನಿಧಾನಕ್ಕೆ ಕಂದಾಗುತ್ತದೆ. ರೂಪಾಯಿಯ ಅಂಚಿನ ಫೋಟೋ ಒಂದು ಹಾಕಿ, ನೋಡೋಣ.