ತೂಕ ಇಳೀತು, ಎದೆ ಜೋತುಬಿತ್ತು: ಇಂಪ್ಲಾಂಟ್ ಇಲ್ದೆ ಲಿಫ್ಟ್ ಮಾಡಿಸಬೋದಾ?

ಪ್ರಶ್ನೆ: ಡಾಕ್ಟರ್ ಮೇಡಂ, ನಮಸ್ಕಾರ. ನನಗೆ 38 ವರ್ಷ, ದಾವಣಗೆರೆ ಕಡೆಯವಳು, ಸ್ಕೂಲ್ ಟೀಚರ್. ಇಬ್ರು ಮಕ್ಕಳಿದಾರೆ, ಇನ್ನು ಬೇಡ ಅಂತ ಆಪರೇಷನ್ ಆಗಿದೆ. 96 ಕೆಜಿ ಇದ್ದೆ, ಎರಡು ವರ್ಷದಲ್ಲಿ ಊಟ ವಾಕಿಂಗ್ ಎಲ್ಲಾ ಸರಿ ಮಾಡ್ಕೊಂಡು 62ಕ್ಕೆ ಬಂದಿದೀನಿ. ಎಲ್ರೂ ಚೆನ್ನಾಗಾಗಿದೀಯ ಅಂತಾರೆ, ಆದ್ರೆ ಸ್ನಾನ ಮಾಡುವಾಗ ನನ್ನ ಮೈ ನನಗೇ ನೋಡಕ್ಕಾಗಲ್ಲ. ಎದೆ ಖಾಲಿ ಚೀಲದ ತರ ಜೋತುಬಿದ್ದಿದೆ, ಬ್ರಾ ಒಳಗೆ ಮಡಚಿ ಇಡಬೇಕು, ಬೇಸಿಗೇಲಿ ಕೆಳಗೆ ಬೆವರು ನಿಂತು ಕೆರೆತ ಬೇರೆ. ಒಂದು ಕಡೆ ತೋರಿಸಿದಾಗ ಇಂಪ್ಲಾಂಟ್ (ಎದೆಯೊಳಗೆ ಇಡೋ ಸಿಲಿಕಾನ್ ಚೀಲ) ಹಾಕ್ದೆ ಆಗೋದೇ ಇಲ್ಲ ಅಂದ್ರು. ಇನ್ನೊಂದು ಕಡೆ ತೊಟ್ಟಿನ ಸುತ್ತ ಮಾತ್ರ ಕಟ್ ಮಾಡಿ ಎತ್ತುತೀವಿ, ಕಲೆನೇ ಕಾಣಲ್ಲ ಅಂದ್ರು. ಮೈಯೊಳಗೆ ಹೊರಗಿನ ವಸ್ತು ಇಡಿಸ್ಕೊಳ್ಳೋಕೆ ನನಗೆ ಇಷ್ಟ ಇಲ್ಲ. ಯಾವುದನ್ನ ಆರಿಸ್ಕೊಳ್ಲಿ? ಎಣ್ಣೆ ಮಸಾಜ್, ಎಕ್ಸರ್‌ಸೈಜಲ್ಲಿ ಸರಿಹೋಗಲ್ವಾ? (ಹೆಸರು ಹಾಕಬೇಡಿ)

ಉತ್ತರ: ಮೊದಲು ಒಂದು ಮಾತು. 34 ಕೆಜಿ ಇಳಿಸಿ ಅದನ್ನ ಉಳಿಸ್ಕೊಂಡಿದೀರಲ್ಲ, ಅದು ಸಣ್ಣ ಕೆಲಸ ಅಲ್ಲ. ಅಷ್ಟು ಕಷ್ಟಪಟ್ಟ ಮೇಲೆ ಮೈ ನೋಡ್ಕೊಳ್ಳೋಕೆ ಮುಜುಗರ ಆಗುತ್ತೆ ಅಂತ ಬರೀತೀರ ಅಂದ್ರೆ ಅದನ್ನ ಶೋಕಿ ಅನ್ನೋರ ಮಾತಿಗೆ ಕಿವಿ ಕೊಡಬೇಡಿ. ಕೆರೆತ, ಭುಜಕ್ಕೆ ಬ್ರಾ ಪಟ್ಟಿ ಒತ್ತೋದು, ಇವೆಲ್ಲ ನಿಜವಾದ ತೊಂದ್ರೆಗಳೇ.

ಎಕ್ಸರ್‌ಸೈಜ್ ವಿಷಯ ಬೇಗ ಮುಗಿಸಿಬಿಡ್ತೀನಿ. ಸ್ತನದಲ್ಲಿ ಮಾಂಸಖಂಡ ಇಲ್ಲ, ಕೊಬ್ಬು ಮತ್ತೆ ಹಾಲಿನ ಗ್ರಂಥಿ ಇರೋದು, ಮಾಂಸಖಂಡ ಅದರ ಹಿಂದೆ ಇರುತ್ತೆ. ಪುಷಪ್ ಮಾಡಿದ್ರೆ ಹಿಂದಿನ ಗೋಡೆ ಗಟ್ಟಿ ಆಗುತ್ತೆ ಅಷ್ಟೇ, ಗೋಡೆಗೆ ನೇತುಹಾಕಿದ ಚೀಲ ಮೇಲೇರಲ್ಲ. ಒಳಗೆ ಕೂಪರ್ ಲಿಗಮೆಂಟ್ ಅಂತ ಸಣ್ಣ ಸಣ್ಣ ಎಳೆಗಳು ಸ್ತನವನ್ನ ಹಿಡಿದಿರ್ತಾವೆ, ತೂಕ ಇದ್ದಾಗ ಅವು ಎಳೆದು ಎಳೆದು ಸಡಿಲ ಆಗಿರ್ತಾವೆ, ಚರ್ಮದ ಕಥೆನೂ ಅದೇ, ಹಳೇ ಲಂಗದ ಎಲಾಸ್ಟಿಕ್ ತರ. ಎಣ್ಣೆ ಹಚ್ಚಿದ್ರೆ ಚರ್ಮ ಮೆತ್ತಗಿರುತ್ತೆ, ಎಲಾಸ್ಟಿಕ್ ವಾಪಸ್ ಬರಲ್ಲ. ದುಡ್ಡು ಕೊಟ್ಟು ಕ್ರೀಮ್ ತಗೋಬೇಡಿ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಇಂಪ್ಲಾಂಟ್ ಇಲ್ದೆ ಆಗುತ್ತಾ ಅಂದ್ರೆ, ಆಗುತ್ತೆ. ಲಿಫ್ಟ್ ಅನ್ನೋದೇ ಬೇರೆ ಆಪರೇಷನ್, ಇಂಪ್ಲಾಂಟ್ ಅನ್ನೋದೇ ಬೇರೆ. ಲಿಫ್ಟ್ ಜಾಗ ಮತ್ತೆ ಆಕಾರ ಸರಿ ಮಾಡುತ್ತೆ, ಇಂಪ್ಲಾಂಟ್ ಗಾತ್ರ ಕೂಡಿಸುತ್ತೆ. ತುಂಬಾ ತೂಕ ಇಳಿಸಿದೋರಲ್ಲಿ ಚರ್ಮ ಮೊದಲೇ ಸೋತಿರುತ್ತೆ, ಅದರ ಮೇಲೆ ಭಾರದ ಇಂಪ್ಲಾಂಟ್ ಕೂರಿಸಿದ್ರೆ ಅದೂ ಸೇರಿ ಕೆಳಗೆ ಜಾರೋ ಸಾಧ್ಯತೆ ಇದೆ. ಆಮೇಲೆ ಇಂಪ್ಲಾಂಟ್ ಜೀವನಪೂರ್ತಿ ಬರೋ ವಸ್ತು ಅಲ್ಲ, ಮುಂದೆ ಯಾವಾಗಲಾದ್ರೂ ಬದಲಾಯಿಸೋಕೋ ತೆಗೆಸೋಕೋ ಇನ್ನೊಂದು ಆಪರೇಷನ್ ಬೇಕಾಗಬಹುದು. ಹಾಗಾಗಿ ನಿಮಗೆ ಬೇಡ ಅನ್ಸಿದ್ರೆ ಬೇಡ ಅನ್ನೋಕೆ ಪೂರ್ತಿ ಕಾರಣ ಇದೆ. ಆದ್ರೆ ಒಂದು ಒಪ್ಕೋಬೇಕು, ಇಂಪ್ಲಾಂಟ್ ಇಲ್ಲದ ಲಿಫ್ಟಲ್ಲಿ ಎದೆ ಮೇಲ್ಭಾಗ, ಅಂದ್ರೆ ಬ್ಲೌಸ್ ಕತ್ತಿನ ಹತ್ರ ಉಬ್ಬಿ ಕಾಣೋ ತುಂಬು, ಅದು ಹೆಚ್ಚು ದಿನ ನಿಲ್ಲಲ್ಲ. ಆಪರೇಷನ್ ಆದ ಹೊಸದರಲ್ಲಿ ಇರುತ್ತೆ, ಕೆಲವು ತಿಂಗಳಲ್ಲಿ ಇಳ್ಕೊಂಡು ಸಹಜ ಆಕಾರಕ್ಕೆ ಬರುತ್ತೆ. ಅದೇ ಬೇಕು ಅನ್ನೋರಿಗೆ ಮಾತ್ರ ಇಂಪ್ಲಾಂಟ್ ಮಾತು ಬರುತ್ತೆ.

ಯಾವ ತರದ ಲಿಫ್ಟ್ ಅಂತ ತಿಳ್ಕೊಳ್ಳೋಕೆ ಮನೇಲೇ ಒಂದು ಕೆಲಸ ಮಾಡಿ. ಬಾಗಿಲು ಹಾಕ್ಕೊಂಡು ಕನ್ನಡಿ ಮುಂದೆ ನೆಟ್ಟಗೆ ನಿಂತು, ಬ್ರಾ ಇಲ್ದೆ, ಮಕ್ಕಳ ಕಂಪಾಸ್ ಬಾಕ್ಸಿನ ಸ್ಕೇಲನ್ನ ಎದೆ ಕೆಳಗಿನ ಮಡಿಕೆ ಇದೆಯಲ್ಲ, ಬೆವರು ನಿಲ್ಲೋ ಜಾಗ, ಅಲ್ಲಿ ಅಡ್ಡ ಇಟ್ಟು ತೊಟ್ಟು ಎಲ್ಲಿದೆ ಅಂತ ನೋಡಿ. ತೊಟ್ಟು ಸ್ಕೇಲಿನ ಮಟ್ಟಕ್ಕಿದ್ರೆ ಸ್ವಲ್ಪ ಇಳಿದಿದೆ. ಸ್ಕೇಲಿಂದ ಕೆಳಗಿದ್ದೂ ಇನ್ನೂ ಮುಂದಕ್ಕೆ ನೋಡ್ತಿದ್ರೆ ಮಧ್ಯಮ. ಎಲ್ಲಕ್ಕಿಂತ ಕೆಳಗೆ ಇಳಿದು ನೆಲ ನೋಡ್ತಿದ್ರೆ ಮೂರನೇ ಹಂತ. ರೆನೋ ಅನ್ನೋ ಸರ್ಜನ್ 1976ರಲ್ಲಿ ಬರೆದ ಲೆಕ್ಕ ಇದು, ಇವತ್ತಿಗೂ ನಾವು ಓಪಿಡಿಲಿ ಇದನ್ನೇ ನೋಡೋದು. ಜೊತೆಗೆ ಕತ್ತಿನ ಗುಳಿಯಿಂದ ತೊಟ್ಟಿನವರೆಗೆ ಟೇಪ್ ಹಿಡೀತೀವಿ, ಸಾಮಾನ್ಯವಾಗಿ 20 ಸೆಂಟಿಮೀಟರ್ ಆಸುಪಾಸು ಇರೋದು ನಿಮ್ಮಷ್ಟು ತೂಕ ಇಳಿಸಿದೋರಲ್ಲಿ 28, 30 ಬರೋದುಂಟು.

ನೀವು ಬರೆದಿರೋ ಪ್ರಕಾರ, ಬ್ರಾ ಒಳಗೆ ಮಡಚಿ ಇಡ್ತೀನಿ ಅಂದಿರೋದು ನೋಡಿದ್ರೆ, ನಿಮ್ಮದು ಮೂರನೇ ಹಂತ ಇರಬೇಕು ಅನ್ಸುತ್ತೆ, ಕೈಯಲ್ಲಿ ನೋಡದೆ ಖಚಿತ ಹೇಳಕ್ಕಾಗಲ್ಲ. ಹಾಗಿದ್ರೆ ತೊಟ್ಟಿನ ಸುತ್ತ ಮಾತ್ರ ಕಟ್ ಮಾಡೋ ಆಪರೇಷನ್ ನಿಮಗಲ್ಲ. ಅದು ಕೆಟ್ಟ ಆಪರೇಷನ್ ಅಂತಲ್ಲ, ಪ್ಯಾರಿಸ್ಸಿನ ಬೆನೆಲ್ಲಿ 1990ರಲ್ಲಿ ಪ್ರಕಟಿಸಿದ ವಿಧಾನ, ಸ್ವಲ್ಪ ಮಾತ್ರ ಇಳಿದಿರೋರಿಗೆ ಚೆನ್ನಾಗಿ ಬರುತ್ತೆ. ಆದ್ರೆ ಅದು ಲಂಗದ ಲಾಡಿ ಎಳೆದು ಕಟ್ಟಿದ ಹಾಗೆ, ಸುತ್ತಲಿನ ಚರ್ಮ ಎಲ್ಲಾ ಒಂದು ಸಣ್ಣ ವೃತ್ತಕ್ಕೆ ನೆರಿಗೆ ಬೀಳಬೇಕು. ಬಟ್ಟೆ ಜಾಸ್ತಿ ಇದ್ದಷ್ಟೂ ನೆರಿಗೆ ಜಾಸ್ತಿ, ಎಳೆತ ಜಾಸ್ತಿ. ಆಮೇಲೆ ಆ ಎಳೆತಕ್ಕೆ ಕಪ್ಪು ವೃತ್ತ ದಿನ ಕಳೆದಂಗೆ ಅಗಲ ಆಗುತ್ತೆ, ಸ್ತನ ಮುಂದೆ ಚಪ್ಪಟೆ ಆಗುತ್ತೆ, ಕಲೆ ಕಾಣಲ್ಲ ಅಂದ ಜಾಗದಲ್ಲೇ ದಪ್ಪ ಕಲೆ ಬರುತ್ತೆ. ಬೇರೆ ಕಡೆ ಈ ತರ ಮಾಡಿಸ್ಕೊಂಡು ವರ್ಷದೊಳಗೆ ಮತ್ತೆ ಇಳಿದು, ಎರಡನೇ ಆಪರೇಷನ್ನಿಗೆ ಬಂದೋರನ್ನ ನೋಡಿದೀನಿ, ಮೊದಲನೇ ಸಲವೇ ಯಾರಾದ್ರೂ ನೇರವಾಗಿ ಹೇಳಿದ್ರೆ ಅವರಿಗೆ ಆ ನೋವು, ಖರ್ಚು ಎರಡೂ ಉಳೀತಿತ್ತು.

ಮಧ್ಯದ್ದು ಲಾಲಿಪಾಪ್ ಕಟ್, ತೊಟ್ಟಿನ ಸುತ್ತ ಮತ್ತೆ ಅಲ್ಲಿಂದ ಮಡಿಕೆವರೆಗೆ ಒಂದು ನೆಟ್ಟನೆ ಗೆರೆ. ಮಧ್ಯಮ ಹಂತದವರಿಗೆ ಇದು ಒಳ್ಳೇದು, ಒಳಗಿನ ಭಾಗವನ್ನೇ ಹೊಲಿದು ಕೋನ್ ತರ ಮುಂದಕ್ಕೆ ತರೋದರಿಂದ ಆಕಾರ ನಿಲ್ಲುತ್ತೆ. ಆದ್ರೆ ಉದ್ದಕ್ಕೆ ತುಂಬಾ ಚರ್ಮ ಇರೋರಲ್ಲಿ ಮಡಿಕೆ ಹತ್ರ ಚರ್ಮ ಮುದ್ದೆ ಆಗಿ ಉಳ್ಕೊಳುತ್ತೆ.

ನಿಮ್ಮಂಥೋರಿಗೆ ಹೆಚ್ಚಾಗಿ ಬೇಕಾಗೋದು ಆಂಕರ್ ಕಟ್, ತಲೆಕೆಳಗಾದ ಟಿ ಅಕ್ಷರ ಅಂತಾನೂ ಕರೀತಾರೆ. ಸುತ್ತ ಒಂದು, ನೆಟ್ಟಗೆ ಒಂದು, ಮಡಿಕೆ ಉದ್ದಕ್ಕೆ ಅಡ್ಡ ಒಂದು. ರಾಬರ್ಟ್ ವೈಸ್ ಅನ್ನೋ ಅಮೆರಿಕದ ಸರ್ಜನ್ 1956ರಲ್ಲಿ ಇದರ ಅಳತೆ ಕೊಟ್ಟಿದ್ದು ಬ್ರಾ ಹೊಲಿಯೋ ಪ್ಯಾಟರ್ನ್ ಆಧಾರ ಇಟ್ಕೊಂಡೇ. ಕಟೋರಿ ಬ್ಲೌಸ್ ಹೊಲಿಸ್ಕೊಂಡೋರಿಗೆ ಇದು ತಕ್ಷಣ ಅರ್ಥ ಆಗುತ್ತೆ, ಚಪ್ಪಟೆ ಬಟ್ಟೆಗೆ ದುಂಡು ಬರಬೇಕು ಅಂದ್ರೆ ಅಗಲದಲ್ಲೂ ಉದ್ದದಲ್ಲೂ ಎರಡೂ ಕಡೆ ಕಡಿಮೆ ಮಾಡಲೇಬೇಕು, ಒಂದು ಟಕ್ಸ್ ಬಿಟ್ರೂ ಜೋಲು ಬೀಳುತ್ತೆ. ಕಲೆ ಜಾಸ್ತಿ ನಿಜ. ಆದ್ರೆ ಅಡ್ಡ ಗೆರೆ ಮಡಿಕೆಯೊಳಗೆ ಮುಚ್ಚಿಹೋಗುತ್ತೆ, ಬ್ರಾ ಬ್ಲೌಸಿಂದ ಹೊರಗೆ ಯಾವುದೂ ಕಾಣಲ್ಲ. ನನ್ನ ಅಭಿಪ್ರಾಯ ಕೇಳಿದ್ರೆ, ಉದ್ದ ಕಲೆ ಇದ್ದು ಸರಿಯಾದ ಆಕಾರ ಇರೋದು, ಚಿಕ್ಕ ಕಲೆ ಇದ್ದು ಮತ್ತೆ ಜೋತುಬೀಳೋದಕ್ಕಿಂತ ನೂರು ಪಾಲು ವಾಸಿ.

ಈಗ ಇಂಪ್ಲಾಂಟ್ ಬೇಡ ಅನ್ನೋರಿಗೆ ತುಂಬಾ ಮುಖ್ಯವಾದ ವಿಷಯ, ಇದನ್ನ ನಿಮಗೆ ಎರಡು ಕಡೆನೂ ಹೇಳಿಲ್ಲ ಅನ್ಸುತ್ತೆ. ಆಟೋ ಆಗ್ಮೆಂಟೇಷನ್ ಅಂತಾರೆ, ಅಂದ್ರೆ ನಿಮ್ಮ ಮೈಯಿಂದಲೇ ತುಂಬೋದು. ಕೆಳಗೆ ಜೋತಿರೋ ಭಾಗದ ಮೇಲ್ಪದರದ ಚರ್ಮ ಮಾತ್ರ ತೆಳ್ಳಗೆ ತೆಗೆದು, ಒಳಗಿನ ಕೊಬ್ಬು ಗ್ರಂಥಿನ ಬಿಸಾಡದೆ, ರಕ್ತ ಸಂಚಾರ ಉಳಿಸ್ಕೊಂಡೇ ಮೇಲಕ್ಕೆ ಮಡಚಿ ಎದೆಗೂಡಿಗೆ ಹೊಲಿದು ಕೂರಿಸ್ತಾರೆ. ತೂಕ ಇಳಿಸಿದೋರಿಗೆ ಕಂಕುಳ ಕೆಳಗೆ, ಬ್ರಾ ಪಟ್ಟಿ ಹತ್ರ ಒಂದು ಸುರುಳಿ ಉಳಿದಿರುತ್ತಲ್ಲ, ಪಕ್ಕದಿಂದ ಬೆನ್ನಿನ ಕಡೆ ಹೋಗೋದು, ಅದನ್ನೂ ಕೆಲವರಲ್ಲಿ ಫ್ಲಾಪ್ ಆಗಿ, ಅಂದ್ರೆ ರಕ್ತ ಸಂಚಾರ ಕಡಿಯದೆ, ತಿರುಗಿಸಿ ಸ್ತನದೊಳಗೆ ತರಬಹುದು, ಆಗ ಪಕ್ಕದ ಸುರುಳಿನೂ ಹೋಗುತ್ತೆ, ಎದೆಗೂ ತುಂಬು ಬರುತ್ತೆ. ಅಮೆರಿಕದ ಪಿಟ್ಸ್‌ಬರ್ಗಲ್ಲಿ ಪೀಟರ್ ರೂಬಿನ್ ಅನ್ನೋ ಸರ್ಜನ್ ತೂಕ ಇಳಿಸಿದೋರಿಗೆ ಅಂತಾನೇ ಈ ತರದ ವಿಧಾನ ರೂಪಿಸಿದ್ರು, ಚರ್ಮದ ಒಳಪದರವನ್ನ ಪಕ್ಕೆಲುಬಿನ ಮೇಲಿನ ಪೊರೆಗೆ ಹೊಲಿದು ನೇತುಹಾಕ್ತಾರೆ, ಸೋತ ಚರ್ಮದ ಮೇಲೆ ಭಾರ ಬಿಡಲ್ಲ. ಹಾಗಾಗಿ ಡಾಕ್ಟರ್ ಹತ್ರ ಹೋದಾಗ ಕೈ ಎತ್ತಿ ಆ ಪಕ್ಕದ ಭಾಗ ತೋರಿಸಿ, ಇದನ್ನ ಬಳಸೋಕಾಗುತ್ತಾ ಅಂತ ಕೇಳಿ. ಮುಟ್ಟಿ ನೋಡದೆ, ನಿಲ್ಲಿಸಿ ಅಳತೆ ತಗೊಳ್ಳದೆ ಪ್ಯಾಕೇಜ್ ರೇಟ್ ಹೇಳೋ ಕಡೆ ಮಾಡಿಸ್ಬೇಡಿ.

ಹೊಟ್ಟೆ ತೊಡೆಯಿಂದ ಕೊಬ್ಬು ತೆಗೆದು ಇಂಜೆಕ್ಷನ್ ತರ ತುಂಬೋದೂ ಇದೆ, ಅದರಲ್ಲಿ ಒಂದು ಪಾಲು ಮೈಯೇ ಹೀರ್ಕೊಂಡುಬಿಡುತ್ತೆ, ಕೆಲವೊಮ್ಮೆ ಗಂಟು ಆಗುತ್ತೆ. ಸಣ್ಣಪುಟ್ಟ ತಗ್ಗು ಸರಿ ಮಾಡೋಕೆ ಓಕೆ, ಲಿಫ್ಟ್ ಬದಲಿಗೆ ಅದು ಆಗಲ್ಲ.

ಆಪರೇಷನ್ನಿಗೆ ಮುಂಚೆ ಕನಿಷ್ಠ ಆರು ತಿಂಗಳು ತೂಕ ಒಂದೇ ಕಡೆ ನಿಂತಿರ್ಬೇಕು, ಇನ್ನೂ ಐದಾರು ಕೆಜಿ ಇಳಿಸೋ ಯೋಚನೆ ಇದ್ರೆ ಮೊದಲು ಇಳಿಸಿ. ಹಿಮೋಗ್ಲೋಬಿನ್, ಪ್ರೋಟೀನ್, ಬಿ12, ವಿಟಮಿನ್ ಡಿ ಚೆಕ್ ಮಾಡಿಸಿ, ಊಟ ಕಮ್ಮಿ ಮಾಡಿ ಇಳಿಸಿದೋರಲ್ಲಿ ಇವು ಕಮ್ಮಿ ಇರ್ತಾವೆ, ಕಮ್ಮಿ ಇದ್ರೆ ಗಾಯ ಮಾಯಲ್ಲ. ಸ್ತನದ ಸ್ಕ್ಯಾನ್ ಮಾಡಿಸಿ, 38 ಅಂದ್ರೆ ಮನೇಲಿ ತಾಯಿ ಅಕ್ಕತಂಗಿ ಯಾರಿಗಾದ್ರೂ ಸ್ತನ ಕ್ಯಾನ್ಸರ್ ಇತ್ತಾ ಅನ್ನೋದರ ಮೇಲೆ ಮ್ಯಾಮೊಗ್ರಾಮ್ ಬೇಕಾ ಅಂತ ಡಾಕ್ಟರ್ ಹೇಳ್ತಾರೆ. ತೂಕ ಇಳಿಸೋ ಇಂಜೆಕ್ಷನ್ ತಗೊಳ್ತಿರೋರು ಅರಿವಳಿಕೆ ಡಾಕ್ಟರಿಗೆ ಮರೀದೆ ಹೇಳ್ಬೇಕು, ಅದರಿಂದ ಹೊಟ್ಟೆ ನಿಧಾನ ಖಾಲಿ ಆಗುತ್ತೆ, ಅರಿವಳಿಕೆ ಟೈಮಲ್ಲಿ ವಾಂತಿ ಶ್ವಾಸಕೋಶಕ್ಕೆ ಹೋದ್ರೆ ಅಪಾಯ. ಹೊಗೆಸೊಪ್ಪು, ಗುಟ್ಕಾ, ಸಿಗರೇಟ್ ಆಪರೇಷನ್ನಿಗೆ ಮುಂಚೆ ನಾಲ್ಕು ವಾರ, ಆದ್ಮೇಲೆ ನಾಲ್ಕು ವಾರ ಬಂದ್, ನಿಕೋಟಿನ್ ರಕ್ತನಾಳ ಸಣ್ಣ ಮಾಡುತ್ತೆ, ತೊಟ್ಟಿಗೇ ರಕ್ತ ಸಾಲದೆ ಹೋಗಬಹುದು.

ಆಪರೇಷನ್ ದಿನ ಬೆಳಿಗ್ಗೆ ನಿಮ್ಮನ್ನ ನಿಲ್ಲಿಸಿ ಮಾರ್ಕರ್ ಪೆನ್ನಲ್ಲಿ ಗೆರೆ ಹಾಕ್ತಾರೆ, ಮಲಗಿದ್ರೆ ಎಲ್ಲಾ ಪಕ್ಕಕ್ಕೆ ಜಾರಿ ಅಳತೆ ತಪ್ಪುತ್ತೆ ಅದಕ್ಕೆ. ಆಗ ಕನ್ನಡಿ ಕೇಳಿ, ತೊಟ್ಟು ಹೊಸದಾಗಿ ಎಲ್ಲಿ ಬರುತ್ತೆ ಅಂತ ಆ ಗೆರೆ ಮೇಲೆ ನೋಡ್ಕೊಳ್ಳಿ, ಸಂಕೋಚ ಬೇಡ. ಪೂರ್ತಿ ಅರಿವಳಿಕೆ, ಎರಡರಿಂದ ನಾಲ್ಕು ಗಂಟೆ ಕೆಲಸ, ಅವತ್ತೇ ಅಥವಾ ಮಾರನೇ ದಿನ ಮನೆಗೆ. ಆರು ವಾರ ಸಪೋರ್ಟ್ ಬ್ರಾ, ಅಷ್ಟು ದಿನ ನೀರಿನ ಕೊಡ, ಗ್ಯಾಸ್ ಸಿಲಿಂಡರ್ ಎತ್ತೋ ಹಾಗಿಲ್ಲ, ಕೈ ಮೇಲೆತ್ತಿ ಬೋರ್ಡ್ ಮೇಲೆ ಬರೆಯೋದನ್ನೂ ಡಾಕ್ಟರ್ ಓಕೆ ಅನ್ನೋವರೆಗೆ ಬಿಡಿ, ಬೇಸಿಗೆ ರಜೇಲಿ ಇಟ್ಕೊಂಡ್ರೆ ನಿಮಗೆ ಅನುಕೂಲ. ತೊಟ್ಟಿನ ಸ್ಪರ್ಶ ಕಮ್ಮಿ ಆಗಬಹುದು, ಹೆಚ್ಚಿನವರಿಗೆ ತಿಂಗಳುಗಟ್ಟಲೆ ಆದ್ಮೇಲೆ ವಾಪಸ್ ಬರುತ್ತೆ, ಕೆಲವರಿಗೆ ಬರಲ್ಲ. ಬ್ರಾ ಸೈಜ್ ಒಂದು ಕಮ್ಮಿ ಆಗಬಹುದು. ಕಲೆ ಮೊದಲು ಕೆಂಪಗೆ ಗಟ್ಟಿ ಇದ್ದು ಒಂದು ಒಂದೂವರೆ ವರ್ಷದಲ್ಲಿ ತಿಳಿಯಾಗುತ್ತೆ, ನಮ್ಮ ಮೈಬಣ್ಣದವರಿಗೆ ಕೀಲಾಯ್ಡ್, ಅಂದ್ರೆ ಕಲೆ ಗಂಟಾಗಿ ಬೆಳೆಯೋದು, ಜಾಸ್ತಿ, ಕಿವಿ ಚುಚ್ಚಿಸಿದ ಜಾಗದಲ್ಲಿ ಗಂಟು ಕಟ್ಟಿದ್ರೆ ಮೊದಲೇ ಹೇಳಿ.

ಡಾಕ್ಟರ್ ಆರಿಸುವಾಗ ಪ್ಲಾಸ್ಟಿಕ್ ಸರ್ಜರಿಲಿ ಎಂಸಿಎಚ್ ಅಥವಾ ಡಿಎನ್‌ಬಿ ಡಿಗ್ರಿ ಇದೆಯಾ ನೋಡಿ, ಕಾಸ್ಮೆಟಿಕ್ ಅಂತ ಬೋರ್ಡ್ ಹಾಕಿದ ಮಾತ್ರಕ್ಕೆ ಸಾಲದು. ಇಂಪ್ಲಾಂಟ್ ಇಲ್ದೆ, ತೂಕ ಇಳಿಸಿದೋರಿಗೆ ಅವರೇ ಮಾಡಿದ ಆಪರೇಷನ್ನಿನ ಫೋಟೋ, ಅದೂ ಒಂದು ವರ್ಷ ಆದ್ಮೇಲಿಂದು, ತೋರಿಸಿ ಅನ್ನಿ, ತಿಂಗಳೊಳಗಿನ ಫೋಟೋ ಎಲ್ಲರದ್ದೂ ಚೆನ್ನಾಗೇ ಇರುತ್ತೆ. ಕಾಸ್ಮೆಟಿಕ್ ಅಂತ ಹೆಲ್ತ್ ಇನ್ಶೂರೆನ್ಸ್ ಸಾಮಾನ್ಯವಾಗಿ ಇದಕ್ಕೆ ಬರಲ್ಲ, ಸಾಲ ಮಾಡಿ ಅವಸರ ಮಾಡ್ಬೇಡಿ. ಅಲ್ಲಿವರೆಗೆ ಕೆರೆತಕ್ಕೆ ಸ್ನಾನ ಆದ್ಮೇಲೆ ಮಡಿಕೆ ಒಣಗೋ ಹಾಗೆ ಒರೆಸಿ, ಮಧ್ಯೆ ಒಂದು ತೆಳು ಹತ್ತಿ ಬಟ್ಟೆ ಇಡಿ, ಕೆಂಪಗೆ ಉರಿ ಇದ್ರೆ ಫಂಗಸ್ ಇರಬಹುದು, ಮೆಡಿಕಲ್ ಶಾಪಲ್ಲಿ ಕೇಳಿ ಸ್ಟೀರಾಯ್ಡ್ ಮಿಕ್ಸ್ ಇರೋ ಟ್ಯೂಬ್ ಹಚ್ಚಬೇಡಿ, ಚರ್ಮ ಇನ್ನೂ ತೆಳ್ಳಗಾಗುತ್ತೆ, ಚರ್ಮದ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ನನಗೆ 25, ಮದುವೆ ಆಗಿಲ್ಲ, ಮಂಗಳೂರು. ತೂಕ ಇಳಿಸೋಕೆ ಜಠರ ಚಿಕ್ಕದು ಮಾಡೋ ಸ್ಲೀವ್ ಸರ್ಜರಿ ಆಗಿ 8 ತಿಂಗಳು, 41 ಕೆಜಿ ಇಳಿದಿದೀನಿ. ಮದುವೆ ಮುಂಚೆನೇ ಲಿಫ್ಟ್ ಮಾಡಿಸೋಣ ಅಂತ ಅಮ್ಮ ಅಂತಾರೆ.

ಉತ್ತರ: ಈಗ ಬೇಡಮ್ಮ. ಸ್ಲೀವ್ ಆದ್ಮೇಲೆ ಒಂದರಿಂದ ಒಂದೂವರೆ ವರ್ಷ ತೂಕ ಇಳೀತಾನೇ ಇರುತ್ತೆ, ಈಗ ಹೊಲಿದ್ರೆ ಮತ್ತೆ ಸಡಿಲ ಆಗುತ್ತೆ. ಎರಡನೇದು, ಗರ್ಭಿಣಿ ಆದಾಗ ಸ್ತನ ತುಂಬಿ ಆಮೇಲೆ ಮತ್ತೆ ಇಳಿಯುತ್ತೆ, ಲಿಫ್ಟಲ್ಲಿ ಹಾಲಿನ ನಾಳಗಳಿಗೆ ಪೆಟ್ಟು ಬಿದ್ದು ಮಗುಗೆ ಹಾಲು ಕಮ್ಮಿ ಆಗೋ ಸಾಧ್ಯತೆನೂ ಇದೆ. ಮಕ್ಕಳ ಯೋಚನೆ ಹತ್ರದಲ್ಲೇ ಇದ್ರೆ ಕಾಯೋದು ಲೇಸು. ಆದ್ರೆ ಕಾಯೋಕಾಗದಷ್ಟು ಮನಸ್ಸಿಗೆ ಹಿಂಸೆ ಆಗ್ತಿದ್ರೆ, ಈ ಎರಡೂ ಮಾತು ಗೊತ್ತಿದ್ದೇ ಮುಂದುವರೀತೀನಿ ಅಂದ್ರೆ, ತೂಕ ನಿಂತ ಮೇಲೆ ಮಾಡಿಸಬಹುದು. ತೀರ್ಮಾನ ನಿಮ್ಮದೇ ಆಗಿರ್ಲಿ, ಮದುವೆ ಡೇಟ್ ನೋಡ್ಕೊಂಡು ಮಾಡೋದಲ್ಲ.

ಪ್ರಶ್ನೆ: ಹುಬ್ಬಳ್ಳಿಯಿಂದ ಬರೀತಿದೀನಿ. ನಮ್ಮ ಮನೆಯವರಿಗೆ ಆಂಕರ್ ಲಿಫ್ಟ್ ಆಗಿ ಮೂರು ವಾರ. ಕೆಳಗೆ ಹೊಲಿಗೆ ಸೇರೋ ಜಾಗದಲ್ಲಿ ಶೇಂಗಾ ಬೀಜದಷ್ಟು ಬಾಯಿ ಬಿಟ್ಟಿದೆ, ಅವಳು ಅಳ್ತಾ ಕೂತಿದಾಳೆ.

ಉತ್ತರ: ಅವರ ಪಕ್ಕ ಕೂತು ನೋಡ್ಕೊಳ್ತಿದೀರಿ, ಸಂತೋಷ ಆಯ್ತು. ಮೂರು ಗೆರೆ ಸೇರೋ ಆ ಜಾಗದಲ್ಲಿ ಎಳೆತ ಜಾಸ್ತಿ, ಅಲ್ಲಿ ಸಣ್ಣದಾಗಿ ಬಿಟ್ಕೊಳ್ಳೋದು ಆಂಕರ್ ಲಿಫ್ಟಲ್ಲಿ ಆಗಾಗ ಆಗುವಂಥದ್ದೇ, ಡ್ರೆಸ್ಸಿಂಗ್ ಮಾಡ್ತಾ ಹೋದ್ರೆ ಕೆಲವು ವಾರದಲ್ಲಿ ತುಂಬ್ಕೊಳುತ್ತೆ, ಆಕಾರ ಹಾಳಾಗಲ್ಲ ಅಂತ ಅವರಿಗೆ ಹೇಳಿ. ಅರಿಶಿನ, ತೆಂಗಿನೆಣ್ಣೆ, ಪೌಡರ್ ಏನೂ ಹಾಕ್ಬೇಡಿ, ಮೊಟ್ಟೆ ಬೇಳೆ ಮೊಸರು ಚೆನ್ನಾಗಿ ತಿನ್ನಿಸಿ, ಈ ವಾರದೊಳಗೆ ಆಪರೇಷನ್ ಮಾಡಿದ ಡಾಕ್ಟರಿಗೆ ತೋರಿಸಿ. ಜ್ವರ ಬಂದ್ರೆ, ಸುತ್ತ ಕೆಂಪು ಹರಡ್ತಾ ಹೋದ್ರೆ, ಕೆಟ್ಟ ವಾಸನೆ ಕೀವು ಬಂದ್ರೆ, ಒಂದು ಕಡೆ ಇದ್ದಕ್ಕಿದ್ದಂಗೆ ಊದಿದ್ರೆ ಅಥವಾ ತೊಟ್ಟು ಕಪ್ಪು ನೀಲಿಗೆ ತಿರುಗಿದ್ರೆ ಮಾತ್ರ ಬೆಳಗಾಗೋವರೆಗೆ ಕಾಯ್ಬೇಡಿ, ರಾತ್ರಿ ಆಗಿದ್ರೂ ಕರ್ಕೊಂಡು ಹೋಗಿ.