ತುರಿಕೆ ನಿಂತರೆ ವಾಸಿಯಾಯಿತು ಅಂತಲ್ಲ

ಪ್ರಶ್ನೆ: ನನಗೆ 34 ವರ್ಷ. ಸೊಂಟದ ಸುತ್ತ, ತೊಡೆಸಂದಿಯಲ್ಲಿ ಹುಳುಕಡ್ಡಿ ಆಗಿದೆ. ಮೆಡಿಕಲ್ ಶಾಪಿನವರು ಕೊಟ್ಟ ಕ್ರೀಮು ಹಚ್ಚಿದರೆ ಎರಡೇ ದಿನಕ್ಕೆ ತುರಿಕೆ ಮಾಯ. ಬಿಟ್ಟರೆ ಮತ್ತೆ ಶುರು. ಈಗ ಹೆಂಡತಿಗೂ ಬಂದಿದೆ. ಇಷ್ಟಕ್ಕೆಲ್ಲ ಚರ್ಮದ ಡಾಕ್ಟರೇ ಬೇಕಾ? ನೀವು ಅಂಥದ್ದೇನು ಓದಿರುತ್ತೀರಿ?

ಉತ್ತರ: ಕೇಳಿದ್ದು ಒಳ್ಳೆಯದೇ ಆಯಿತು. ಎಂಬಿಬಿಎಸ್ ಆದಮೇಲೆ ನಾನು ಮೂರು ವರ್ಷ ಎಂ.ಡಿ. ಮಾಡಿದ್ದು ಚರ್ಮ, ಲೈಂಗಿಕ ರೋಗ ಮತ್ತು ಕುಷ್ಠದಲ್ಲಿ. ಕೂದಲು, ಉಗುರೂ ನಮ್ಮ ಪಾಲಿಗೇ. ಅಲ್ಲಿ ಕಲಿತದ್ದರಲ್ಲಿ ಮುಕ್ಕಾಲು ಪಾಲು ಬರೀ ನೋಡುವುದು. ಗುಂಡಗೆ, ಕೆಂಪಗೆ ಇರುವ ಕಲೆ ಹುಳುಕಡ್ಡಿ ಇರಬಹುದು, ಇಸುಬು ಇರಬಹುದು, ಸೋರಿಯಾಸಿಸ್ ಇರಬಹುದು. ಒಂದಕ್ಕೆ ಹಚ್ಚುವ ಔಷಧಿ ಇನ್ನೊಂದನ್ನು ಕೆರಳಿಸಬಹುದು.

ನಿಮಗೆ ಆಗಿರುವುದೂ ಅದೇ ಅಂತ ನನ್ನ ಅನುಮಾನ. ಟ್ಯೂಬಿನ ಮೇಲೆ ಸಣ್ಣಕ್ಷರದಲ್ಲಿ ಕ್ಲೋಬೆಟಸಾಲ್ ಅಥವಾ ಬೀಟಾಮೆಥಾಸೋನ್ ಅಂತ ಇದೆಯಾ ನೋಡಿ. ಇದ್ದರೆ ಅದರಲ್ಲಿ ಸ್ಟೀರಾಯ್ಡ್ ಇದೆ. ಹುಳುಕಡ್ಡಿ ಬರುವುದು ಹುಳುವಿನಿಂದಲ್ಲ, ಫಂಗಸ್ ಅಂದರೆ ಶಿಲೀಂಧ್ರದಿಂದ. ಚರ್ಮ ಆ ಫಂಗಸ್ ಜೊತೆ ಹೋರಾಡುವಾಗಲೇ ಅಲ್ವಾ ಕೆಂಪು, ತುರಿಕೆ ಬರುವುದು? ಸ್ಟೀರಾಯ್ಡ್ ಆ ಹೋರಾಟವನ್ನೇ ಅಡಗಿಸುತ್ತದೆ. ನಿಮಗೆ ಹಾಯೆನಿಸುತ್ತದೆ, ಫಂಗಸ್ ಆರಾಮಾಗಿ ಹರಡುತ್ತದೆ. ಕ್ರಮೇಣ ಉಂಗುರದ ಅಂಚು ಮಾಸಿ, ರೋಗದ ಗುರುತೇ ಸಿಗುವುದಿಲ್ಲ. ತೊಡೆಸಂದಿಯ ಚರ್ಮ ಬೇರೆ ತೆಳು. ಅಲ್ಲಿ ತಿಂಗಳುಗಟ್ಟಲೆ ಹಚ್ಚಿದರೆ ಬಸುರಿನಲ್ಲಿ ಹೊಟ್ಟೆ ಮೇಲೆ ಬೀಳುವಂಥ ಗೀರುಗಳು ಬೀಳುತ್ತವೆ. ಅವು ಪೂರ್ತಿ ಹೋಗುವುದಿಲ್ಲ.

ಪರೀಕ್ಷೆ ಸುಲಭ. ಅಂಚಿನ ಹೊಟ್ಟನ್ನು ಬ್ಲೇಡಿನಿಂದ ಹಗುರಾಗಿ ಕೆರೆದು, ಗಾಜಿನ ಸ್ಲೈಡಿಗೆ ಹಾಕಿ, ಒಂದು ಹನಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಿಡುತ್ತೇವೆ. ಸ್ವಲ್ಪ ಹೊತ್ತಿಗೆ ಮೈಕ್ರೋಸ್ಕೋಪಿನಲ್ಲಿ ಫಂಗಸಿನ ಕವಲೊಡೆದ ಎಳೆಗಳು ಕಾಣುತ್ತವೆ. ನನಗೆ ಈಗಲೂ ಇದನ್ನು ನೋಡುವುದೆಂದರೆ ಖುಷಿ!

ಸ್ಟೀರಾಯ್ಡ್ ಕ್ರೀಮು ಬಿಟ್ಟ ಮೇಲೆ ಕೆಲವು ದಿನ ತುರಿಕೆ ಜಾಸ್ತಿಯಾಗಬಹುದು. ಹೆದರಿ ಮತ್ತೆ ಅದನ್ನೇ ಹಚ್ಚಬೇಡಿ. ಇಷ್ಟು ಹರಡಿದ್ದರೆ ಬಹುಶಃ ಕೆಲವು ವಾರ ಮಾತ್ರೆಯೂ ಬೇಕಾಗುತ್ತದೆ. ಲಿವರ್ ತೊಂದರೆ ಇದ್ದರೆ, ಬೇರೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಹೆಂಡತಿ ಬಸುರಿಯಾಗಿದ್ದರೆ ಮೊದಲೇ ಹೇಳಿ. ಫಂಗಸಿನ ಮುಲಾಮನ್ನು ಕಲೆಯ ಅಂಚಿನಿಂದ 2 ಸೆಂಟಿಮೀಟರ್ ಆಚೆಗೂ ಹಚ್ಚಬೇಕು, ಕಲೆ ಹೋದಮೇಲೂ ಡಾಕ್ಟರು ಹೇಳಿದಷ್ಟು ದಿನ ಮುಂದುವರಿಸಬೇಕು. ಇಬ್ಬರಿಗೂ ಒಟ್ಟಿಗೇ ಚಿಕಿತ್ಸೆ ಆಗಲಿ, ಟವೆಲ್ ಬೇರೆಬೇರೆ ಇರಲಿ. ಹೋಗುವಾಗ ಆ ಹಳೇ ಟ್ಯೂಬನ್ನು ಮರೆಯದೆ ಒಯ್ಯಿರಿ. ‘ಯಾವುದೋ ಬಿಳೀ ಕ್ರೀಮು’ ಅಂದರೆ ನಮಗೆ ಏನೂ ಗೊತ್ತಾಗುವುದಿಲ್ಲ.

ಪ್ರಶ್ನೆ: ಮೊಡವೆಗೆ ಬೆಂಜಾಯಿಲ್ ಪೆರಾಕ್ಸೈಡ್ ಹಚ್ಚಿ ಹತ್ತು ದಿನವಾಯಿತು. ಮೊಡವೆ ಹಾಗೇ ಇದೆ. ಬದಲಾಯಿಸಲೇ?

ಉತ್ತರ: ಬೇಡ. 6ರಿಂದ 8 ವಾರ ಕೊಡಿ. ಉರಿ ಜಾಸ್ತಿಯಾದರೆ ದಿನ ಬಿಟ್ಟು ದಿನ ಹಚ್ಚಿ. ದಿಂಬಿಗೆ ಬಿಳಿ ಕವರ್ ಹಾಕಿ, ಬಣ್ಣದ ಬಟ್ಟೆಗೆ ತಾಗಿದರೆ ಬಣ್ಣ ಬಿಟ್ಟುಹೋಗುತ್ತದೆ.